ಡೊಂಕು ಹೊಲಿಗೆಯ ಸೀಟು

ಜಯಂತನ ಬಾಯಿಯಿಂದ ದಿನಕ್ಕೆ ಎಷ್ಟು ಸಲ ‘ಒರಿಜಿನಲ್’ ಎಂಬ ಮಾತು ಉದುರುತ್ತದೆ ಎಂದು ಎಣಿಸುವುದನ್ನು ಅವನ ಹೆಂಡತಿ ಪ್ರೇಮಾವತಿ ಎಂದೋ ಬಿಟ್ಟಿದ್ದಳು. ದುಬಾಯಿಯ ಒಂದು ಗ್ಯಾರೇಜಿನಲ್ಲಿ ಅರಬರ ಹಳೆಯ ಕಾರುಗಳ ಹೊಟ್ಟೆಯೊಳಗೆ ವರ್ಷಗಟ್ಟಲೆ ತಲೆ ತೂರಿಸಿ ಕೆಲಸ ಮಾಡಿ, ಕಾಸರಗೋಡಿನ ಬಳಿಯ ತನ್ನೂರು ಬೋವಿಕಾನಕ್ಕೆ ಮರಳಿದ ಮೇಲೆ ಮನೆಯ ಪಕ್ಕದಲ್ಲೇ ತಗಡು ಹೊದಿಸಿದ ಶೆಡ್ಡು ಕಟ್ಟಿ ಅವನು ಅದೇ ಉದ್ಯೋಗಕ್ಕೆ ಕೂತಿದ್ದ. ಅಜ್ಜನ ಕಾಲದ ಕಾರು ಕೊಟ್ಟಿಗೆಯಲ್ಲಿ ಕೊಳೆಯುತ್ತ, ದುಡ್ಡು ಬ್ಯಾಂಕಿನಲ್ಲಿ ಕೊಳೆಯುತ್ತ ಇರುವ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವರೆದುರು ಜಯಂತ ಒಂದು ಸ್ಕ್ರೂವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಆ ಕಾಲದ್ದೇ, ತಲೆಯ ಗೀರು ನೋಡಿ, ಈಗಿನವರಿಗೆ ಇದೆಲ್ಲ ಎಲ್ಲಿ ಗೊತ್ತು ಎನ್ನುತ್ತಿದ್ದ. ದೇವಸ್ಥಾನದ ಭಟ್ಟರು ತೀರ್ಥ ಕೊಡುವಾಗಲೂ ಅಷ್ಟು ಭಕ್ತಿ ತೋರಿಸುವುದಿಲ್ಲ.

ಮನೆಯೊಳಗಿನ ಕಥೆ ಬೇರೆ. ಅಡುಗೆಮನೆಯ ನಲ್ಲಿಗೆ ಸೈಕಲ್ ಟ್ಯೂಬು ಸುತ್ತಿ ಒಂದು ಮಳೆಗಾಲ ಕಳೆದಿತ್ತು. ಮಿಕ್ಸಿಯ ಮುಚ್ಚಳ ಒಡೆದಾಗ ಅವನು ಅದರ ಬಾಯಿಗೆ ಸ್ಟೀಲಿನ ತಟ್ಟೆ ಮುಚ್ಚಿ, ಹೀಗೆ ಕೈಯಲ್ಲಿ ಒತ್ತಿ ಹಿಡಿದರೆ ಸಾಕು ಎಂದು ತೋರಿಸಿಕೊಟ್ಟಿದ್ದ. ಬಚ್ಚಲಿನ ಬಾಗಿಲಿಗೆ ಚಿಲಕದ ಬದಲು ಕಾರಿನ ಹಳೆಯ ವಯರು. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆಯನ್ನು ಮೊದಲು ಕಟ್ಟಿದವಳು ಯಾರೋ ಮೆಕ್ಯಾನಿಕ್ಕಿನ ಹೆಂಡತಿಯೇ ಇರಬೇಕು ಎಂದು ಪ್ರೇಮಾವತಿಗೆ ಅನಿಸುತ್ತಿತ್ತು.

ಅವಳಿಗೆ ತನ್ನದು ಅಂತ ಇದ್ದದ್ದು ಒಂದು ಹೊಲಿಗೆ ಮೆಷಿನ್. ಗಂಡ ಗಲ್ಫಿನಲ್ಲಿದ್ದಾಗ, ಅವನನ್ನು ಕೇಳದೆ, ಕಾಸರಗೋಡಿನಿಂದ ತಾನೇ ತರಿಸಿ ಮುಂದಿನ ಚಾವಡಿಯ ಕಿಟಕಿ ಬಳಿ ಇಟ್ಟದ್ದು. ವರ್ಷವಿಡೀ ರವಿಕೆ, ನೈಟಿ, ಪರದೆ ಎಂದು ಬರುತ್ತಿದ್ದರೂ ನಿಜವಾದ ಕೆಲಸ ಏಪ್ರಿಲ್, ಮೇ ತಿಂಗಳದ್ದು. ಊರಿನ ಶಾಲೆಯ ಯೂನಿಫಾರ್ಮ್ ಅಷ್ಟೂ ಅವಳದೇ ಕೈಯಲ್ಲಿ ತಯಾರಾಗುತ್ತಿತ್ತು. ಮುಖ್ಯೋಪಾಧ್ಯಾಯಿನಿ ವಿಜೇತಾ ಟೀಚರ್ ಬೇಸಿಗೆ ರಜೆಗೆ ಬೀಗ ಹಾಕುವ ಮುಂಚೆ ನೀಲಿ ಬಟ್ಟೆಯ ಥಾನುಗಳನ್ನು ಆಟೊದಲ್ಲಿ ಕಳಿಸಿಬಿಡುತ್ತಿದ್ದರು. ಜೂನ್ ಒಂದರಂದು ಶಾಲೆ ಶುರುವಾಗುವಾಗ ಊರಿನ ಮಕ್ಕಳೆಲ್ಲ ತನ್ನ ಹೊಲಿಗೆ ತೊಟ್ಟು ಕೊಡೆ ಹಿಡಿದು ಸಾಲಾಗಿ ಹೋಗುವುದನ್ನು ಗೇಟಿನ ಬಳಿ ನಿಂತು ನೋಡುವಾಗ ಪ್ರೇಮಾವತಿಗೆ ಎದೆ ತುಂಬಿಬರುತ್ತಿತ್ತು. ಆ ಒಂದು ದಿನ ಅವಳು ಜಯಂತನ ಹೆಂಡತಿಯೂ ಅಲ್ಲ, ಉಗ್ಗಪ್ಪನ ಸೊಸೆಯೂ ಅಲ್ಲ. ಅದು ಕೈತಪ್ಪಿದರೆ ತನಗೆ ಈ ಮನೆಯಲ್ಲಿ ಉಳಿಯುವುದು ಒಲೆ ಒಂದೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ಶೆಡ್ಡಿನಲ್ಲಿ ನಿಂತಿದ್ದದ್ದು ಭುಜಂಗ ಆಳ್ವರ ಅಂಬಾಸಿಡರ್. ತುಂಬ ಹಳೆಯ ಮಾದರಿ. ಆಳ್ವರ ಅಜ್ಜ ಧಣಿಗಳಾಗಿದ್ದ ಕಾಲದ್ದು. ಆಳ್ವರು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ತಂದೆಯ ಹೋಟೆಲಿನ ಗಲ್ಲಾದ ಹಿಂದೆ. ಐವತ್ತು ದಾಟಿದ ಮೇಲೆ ಅವರಿಗೆ ಊರಿನ ನೆನಪು, ಅಜ್ಜನ ನೆನಪು, ಕಾರಿನ ನೆನಪು ಎಲ್ಲ ಒಟ್ಟಿಗೆ ಬಂದಿತ್ತು. ಮೇ ತಿಂಗಳ ನಡುವೆ ಮಂಗಳೂರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಅಲ್ಲಿ ತೀರ್ಪುಗಾರರು ಭೂತಗನ್ನಡಿ ಹಿಡಿದು, ಯಾವ ಭಾಗ ಹೊಸದು, ಯಾವುದು ಹಳೆಯ ರೀತಿಯದು ಎಂದು ನೋಡಿ ಅಂಕ ಕೊಡುತ್ತಾರಂತೆ. ಕೆಲಸವಿಲ್ಲದ ಬಡಗಿ ಏನೋ ಕೆತ್ತಿದನಂತೆ ಎಂದು ಜಯಂತನ ಅಪ್ಪ ಉಗ್ಗಪ್ಪ ಅದನ್ನು ಕೇಳಿ ಹೇಳಿದ್ದ.

ಉಗ್ಗಪ್ಪನಿಗೆ ಹಾಗೆ ಹೇಳುವ ಹಕ್ಕು ಇತ್ತು. ಅದೇ ಕಾರನ್ನು, ಅದೇ ಧಣಿಗಳಿಗೆ, ಇಪ್ಪತ್ತು ವರ್ಷ ಓಡಿಸಿದವನು ಅವನು. ಈ ವಿಷಯ ಜಯಂತ ಆಳ್ವರಿಗೆ ಹೇಳಿರಲಿಲ್ಲ. ಡ್ರೈವರನ ಮಗ ಎಂದು ಗೊತ್ತಾದರೆ ಕುರ್ಚಿ ಕೊಡುವವರು ಸ್ಟೂಲು ಕೊಟ್ಟಾರು ಎಂಬ ಭಯ. ಕಾರು ಬಂದ ದಿನ ಮುದುಕ ಕೋಲೂರಿಕೊಂಡು ಶೆಡ್ಡಿಗೆ ಹೋಗಿ, ಬಾನೆಟ್ಟಿನ ಮೇಲೆ ಎರಡು ಸಲ ಬಡಿದು, ಇದರ ಪೆಟ್ರೋಲ್ ಪಂಪು ಸತ್ತು ಯಾವ ಕಾಲವಾಯಿತು, ಜೀಪಿನದ್ದು ಹಾಕಿಯೇ ಓಡಿಸುತ್ತಿದ್ದದ್ದು, ಈಗಲೂ ಹಾಗೇ ಮಾಡು ಎಂದಿದ್ದ. ಆಳ್ವರು ಯಾರಿವರು ಎಂಬಂತೆ ನೋಡಿದರು.

“ಅಪ್ಪ, ನೀವು ಒಳಗೆ ಹೋಗಿ ಬಾಯಿ ಮುಚ್ಚಿ ಕೂತುಕೊಳ್ಳಿ,” ಎಂದ ಜಯಂತ. “ಇದು ನಿಮಗೆ ಅರ್ಥ ಆಗುವ ಕೆಲಸ ಅಲ್ಲ.”

ಉಗ್ಗಪ್ಪ ಒಳಗೆ ಹೋಗಿ ಕೂತ. ಬಾಯಿಯನ್ನೂ ಮುಚ್ಚಿದ, ಆದರೆ ಮಗನ ಮಟ್ಟಿಗೆ ಮಾತ್ರ. ಅಂದಿನಿಂದ ಅಪ್ಪ ಮಗನ ನಡುವೆ ಮಾತೆಲ್ಲ ಮೊಮ್ಮಗಳು ನಮಿತಾಳ ಮೂಲಕ. ಅವಳು ಕಾಸರಗೋಡಿನಲ್ಲಿ ಬಿ.ಕಾಂ. ಓದುತ್ತಿದ್ದಳು, ರಜೆಯಲ್ಲಿ ಮನೆಯಲ್ಲಿದ್ದಳು. ಉಪ್ಪಿನಕಾಯಿ ಇತ್ತ ಕೊಡಲಿಕ್ಕೆ ಹೇಳು ನಿನ್ನ ಅಪ್ಪನಿಗೆ ಎಂದು ಮುದುಕ ಹೇಳುವುದು, ಜಯಂತ ಎದುರಿಗೇ ಕೂತು ಅದನ್ನು ಕೇಳಿಸಿಕೊಂಡೂ ನಮಿತಾ ಮತ್ತೊಮ್ಮೆ ಹೇಳುವ ತನಕ ಕಾಯುವುದು. ಗಂಡಸರ ಮರ್ಯಾದೆ ಎಂಬುದು ಎಷ್ಟು ಅಗ್ಗದ ಸಾಮಾನು ಎಂದು ಪ್ರೇಮಾವತಿ ಗಂಜಿ ಬಡಿಸುತ್ತ ನೋಡುತ್ತಿದ್ದಳು.

ಬಿಸುವಿನ ಮಧ್ಯಾಹ್ನ ಊಟಕ್ಕೆ ಕೂತಾಗ ಜಯಂತ ವಿಷಯ ತೆಗೆದ. ಕಾರಿನ ಎಲ್ಲ ಕೆಲಸ ಮುಗಿದಿದೆ, ಸೀಟುಗಳು ಮಾತ್ರ ಬಾಕಿ. ಮಂಗಳೂರಿನ ಸೀಟಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ, ಮೇಲಾಗಿ ಒಳಗೆ ಸ್ಪಂಜು ತುರುಕುತ್ತಾರೆ, ಇದಕ್ಕೆ ತೆಂಗಿನ ನಾರೇ ಆಗಬೇಕು. ನೀನೇ ಹೊಲಿದುಬಿಡು ಎಂದು ಪಾಯಸ ಸುರಿದುಕೊಳ್ಳುತ್ತ ಹೇಳಿದ. ಪ್ರೇಮಾವತಿ ಯೂನಿಫಾರ್ಮಿನ ಬಟ್ಟೆ ಬಂದಾಗಿದೆ ಎಂದಳು. ತನ್ನ ಮೆಷಿನ್ ಬಟ್ಟೆ ಹೊಲಿಯುವುದು, ರೆಕ್ಸಿನ್ ಹೊಲಿಯುವುದಲ್ಲ ಎಂದಳು. ನಾಲ್ಕು ದಿನದ ಕೆಲಸ ಎಂದು ಅವನು ಎಲೆ ಮಡಚಿ ಎದ್ದ. ಹೆಂಡತಿಯ ಕೆಲಸವನ್ನು ಗಂಡ ಅಳೆಯುವಾಗ ಅದು ಯಾವಾಗಲೂ ನಾಲ್ಕು ದಿನದ್ದೇ.

ಅವನು ತಂದು ಹಾಕಿದ ಹಳೆಯ ಕವರು ಇಲಿ ಕಚ್ಚಿ, ಗೆದ್ದಲು ಹಿಡಿದು, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಒರಗುವ ಭಾಗದಲ್ಲಿ ಮೇಲಿಂದ ಕೆಳಗೆ ಉದ್ದುದ್ದ ನೆರಿಗೆ. ಒಂದೊಂದು ನೆರಿಗೆಯೂ ಒಂದು ಕೊಳವೆ, ಅದರೊಳಗೆ ನಾರು. ಪ್ರೇಮಾವತಿ ಅದನ್ನು ನೆಲದಲ್ಲಿ ಹರಡಿ, ಕಾಗದದಲ್ಲಿ ಅಳತೆ ತೆಗೆದು, ಯೂನಿಫಾರ್ಮಿನ ಥಾನುಗಳನ್ನು ಪಕ್ಕಕ್ಕೆ ಸರಿಸಿ ಹೊಲಿಯಲು ಕೂತಳು. ಕೆಲಸಕ್ಕೆ ಕೂತ ಮೇಲೆ ಕೆಲಸವನ್ನು ದ್ವೇಷಿಸುವುದು ಅವಳಿಂದಾಗದು. ಮೂರನೇ ದಿನ ಸಂಜೆ ಮುಂದಿನ ಸೀಟಿನ ಒರಗು ತಯಾರಾಗಿ ಗೋಡೆಗೆ ನಿಂತಿತು. ದಾರ ಹಿಡಿದು ಎಳೆದ ಗೆರೆಯ ಹಾಗೆ ನೆರಿಗೆಗಳೆಲ್ಲ ನೇರ.

ಜಯಂತ ಬಂದು, ಮೊಣಕಾಲೂರಿ ಕೂತು, ಮೊಬೈಲಿನ ಟಾರ್ಚು ಹಾಕಿ ನೋಡಿದ. ಅವನ ಮುಖ ಹುಳಿಯಾಯಿತು.

“ಇದು ಎಂತ? ನಾಲ್ಕನೇ ನೆರಿಗೆ ನೆಟ್ಟಗೆ ಹೋಗಿದೆ.”

“ಹೊಲಿಗೆ ನೆಟ್ಟಗೆ ಹೋಗದೆ ಮತ್ತೆಲ್ಲಿಗೆ ಹೋಗಬೇಕು?”

“ಹಳೆಯದರಲ್ಲಿ ನೋಡು. ಎಡದಿಂದ ನಾಲ್ಕನೆಯದು ಡೊಂಕು ಉಂಟು. ಅರ್ಧಕ್ಕೆ ಬಂದು ಬಲಕ್ಕೆ ವಾಲಿದೆ. ಫ್ಯಾಕ್ಟರಿಯಲ್ಲಿ ಆಳು ಕೂತು ಮೆಷಿನ್ ಹೊಲಿಗೆ ಹಾಕಿದ್ದು ಅಂತ ಗೊತ್ತಾಗುವುದೇ ಅದರಲ್ಲಿ. ಬಿಚ್ಚಿ ಹಾಗೆಯೇ ಮಾಡು. ತಪ್ಪು ಕೂಡ ಒರಿಜಿನಲ್ ಇರಬೇಕು.”

ಹಾಗಾದರೆ ನನ್ನ ಮಾರ್ಕ್‌ಲಿಸ್ಟನ್ನೂ ಆ ಪ್ರದರ್ಶನಕ್ಕೆ ಕಳಿಸಬಹುದು ಎಂದು ನಮಿತಾ ಬಾಗಿಲಲ್ಲಿ ನಿಂತು ಹೇಳಿದಳು. ಚಾವಡಿಯ ಮೂಲೆಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಉಗ್ಗಪ್ಪನ ಕೈ ಒಂದು ಕ್ಷಣ ನಿಂತಿತು. ಅವನ ಗಂಟಲಲ್ಲಿ ಏನೋ ಗುಳುಗುಳು ಸದ್ದಾಯಿತು. ಕೆಮ್ಮು ಎಂದುಕೊಂಡಳು ಪ್ರೇಮಾವತಿ.

ಅವಳು ಬಿಚ್ಚಿದಳು. ಹುಡುಗಿಯಾಗಿದ್ದಾಗ ಸೂಜಿ ಹಿಡಿದಂದಿನಿಂದ ಬೇಕೆಂದು ಡೊಂಕು ಹೊಲಿದವಳಲ್ಲ. ಮೊದಲನೆಯ ಸಲ ಡೊಂಕು ಸಾಲದಾಯಿತು. ಎರಡನೆಯ ಸಲ ಹೆಚ್ಚಾಯಿತು. ಜಯಂತ ಹಳೆಯದರ ಫೋಟೋ ಪಕ್ಕದಲ್ಲಿ ಹಿಡಿದು, ಸ್ಕೇಲು ಇಟ್ಟು, ಇನ್ನೂ ಒಂದು ನೂಲು ಬಲಕ್ಕೆ ಎನ್ನುತ್ತಿದ್ದ. ಹಳೆಯ ಕವರಿನಲ್ಲಿ ಆ ಜಾಗದ ಹಿಂದೆ ಒಂದು ತುಂಡು ರೆಕ್ಸಿನ್ ಒಳಪದರವಾಗಿ ಇತ್ತು. ಅದೂ ಬೇಕು ಎಂದ. ಅಲ್ಲಿಗೆ ಮಡಿಕೆ ನಾಲ್ಕಾಯಿತು. ಇಷ್ಟು ದಪ್ಪ ಈ ಮೆಷಿನ್ ತಡೆಯುವುದಿಲ್ಲ, ಅಷ್ಟು ಭಾಗ ಕೈಯಲ್ಲೇ ಹಾಕುತ್ತೇನೆ ಎಂದು ಪ್ರೇಮಾವತಿ ಸ್ಪಷ್ಟವಾಗಿ ಹೇಳಿ, ಬಂಗುಡೆ ಕೊಯ್ಯಲು ಹಿತ್ತಲಿಗೆ ಹೋದಳು.

ಮೀನಿನ ಕೈಯಲ್ಲೇ ಅವಳು ಒಳಗೆ ಓಡಿ ಬಂದದ್ದು ಆ ಸದ್ದಿಗೆ. ಕೈಹೊಲಿಗೆ ಒರಿಜಿನಲ್ ಅಲ್ಲ ಎಂದು ಜಯಂತ ತಾನೇ ಮೆಷಿನ್ ಮುಂದೆ ಕೂತು, ದಪ್ಪ ಸೂಜಿ ಹಾಕಿ, ಮೋಟಾರಿನ ಪೆಡಲು ಒತ್ತಿಬಿಟ್ಟಿದ್ದ. ಸೂಜಿ ಬಾಗಿ, ಕೆಳಗಿನ ದಾರ ಹಿಡಿಯುವ ಶಟಲಿಗೆ ಬಡಿದು, ಶಟಲಿನ ಮೂತಿ ಮುರಿದಿತ್ತು. ಮೆಷಿನ್ ಒಂದು ಸಲ ನರಳಿ ನಿಂತಿತ್ತು. ಅವನು ಮುರಿದ ಸೂಜಿಯ ತುಂಡನ್ನು ರೆಕ್ಸಿನ್ನಿನಿಂದ ಹುಷಾರಾಗಿ ಕೀಳುತ್ತಿದ್ದ. ರೆಕ್ಸಿನ್ನಿಗೆ ಗೀರು ಬೀಳಬಾರದಲ್ಲ.

ಪ್ರೇಮಾವತಿಗೆ ಅಳು ಬರಲಿಲ್ಲ. ಅಸಹ್ಯ ಬಂತು. ಅವನ ಬಾಗಿದ ಬೆನ್ನು, ಎಣ್ಣೆಯ ಕೈ, ಆ ಜೋಪಾನ, ಎಲ್ಲದರ ಮೇಲೆ ಅಸಹ್ಯ ಬಂತು. ಯೂನಿಫಾರ್ಮ್ ಇನ್ನು ಹೇಗೆ ಹೊಲಿಯುವುದು ಎಂದು ಕೇಳಿದಳು. ಅವನು ಮರುದಿನ ಬೋವಿಕಾನ ಪೇಟೆಯಿಂದ ಯಾವುದೋ ಶಟಲು ತಂದ. ಅದು ಬೇರೆ ಮೆಷಿನಿನದ್ದು, ಗೂಡಿನೊಳಗೆ ಲೊಡಲೊಡ ಆಡುತ್ತಿತ್ತು. ಅವನು ಅದನ್ನು ಅರದಲ್ಲಿ ಉಜ್ಜಿ, ಪಕ್ಕಕ್ಕೆ ತಗಡಿನ ಚೂರು ತುರುಕಿ, ಓಡಿಸಿ ತೋರಿಸಿದ. ಹೊಲಿಗೆ ನಾಲ್ಕು ಬಿದ್ದರೆ ಎರಡು ಬೀಳುತ್ತಿರಲಿಲ್ಲ.

“ಇದಕ್ಕೆ ಇದರದ್ದೇ ಶಟಲು ಬೇಕು,” ಎಂದಳು ಅವಳು.

“ಹೊಲಿಗೆ ಮೆಷಿನಿಗೆಲ್ಲ ಎಂತ ಒರಿಜಿನಲ್ ಮಾರಾಯ್ತಿ? ಸುಮ್ಮನೆ ಮೆಲ್ಲ ತುಳಿ, ಹೋಗ್ತದೆ. ಪ್ರದರ್ಶನ ಆಗಲಿ, ಮತ್ತೆ ನೋಡುವ.”

ಈ ಮಾತು ಆಡುವಾಗ ಅವನಿಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಪ್ರೇಮಾವತಿ ಉಳಿದ ಡೊಂಕು ಭಾಗವನ್ನು ಗೋಣಿ ಹೊಲಿಯುವ ಸೂಜಿಯಲ್ಲಿ, ಮೆಷಿನ್ ಹೊಲಿಗೆಯ ಹಾಗೇ ಕಾಣುವಂತೆ, ಒಂದೊಂದೇ ಹಾಕಿ ಮುಗಿಸಿದಳು. ಯಾಕೆ ಮುಗಿಸಿದಿ ಎಂದು ನಮಿತಾ ಸಿಟ್ಟಿನಿಂದ ಕೇಳಿದಳು. ಅರ್ಧಕ್ಕೆ ಬಿಟ್ಟ ಹೊಲಿಗೆ ಕಣ್ಣಿಗೆ ಬಿದ್ದರೆ ತನಗೆ ಉಂಡದ್ದು ಇಳಿಯುವುದಿಲ್ಲ ಎಂದಳು ತಾಯಿ. ಅವಳ ದೌರ್ಬಲ್ಯ ಅದು, ಜಯಂತನ ಬಂಡವಾಳವೂ ಅದೇ.

ವಿಜೇತಾ ಟೀಚರ್ ಫೋನು ಮಾಡಲು ಶುರುಮಾಡಿದರು. ಮೊದಲು ಕ್ಷೇಮ ಸಮಾಚಾರ, ಆಮೇಲೆ ಎಷ್ಟಾಯಿತು ಎಂಬ ಪ್ರಶ್ನೆ. ಆಗುತ್ತಾ ಉಂಟು ಟೀಚರ್ ಎಂದು ಪ್ರೇಮಾವತಿ ಬದುಕಿನಲ್ಲಿ ಮೊದಲ ಸಲ ಅವರಿಗೆ ಸುಳ್ಳು ಹೇಳಿದಳು. ನೀಲಿ ಥಾನುಗಳು ಕಟ್ಟು ಬಿಚ್ಚದೆ ಹಾಗೇ ಇದ್ದವು.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ಆಳ್ವರು ಕಾರು ನೋಡಲು ಬಂದರು. ಬಿಳಿ ಪ್ಯಾಂಟು ತೊಟ್ಟವರು ಸೀಟಿನಲ್ಲಿ ಕೂತು, ಒರಗಿ, ನೆರಿಗೆಗಳ ಮೇಲೆ ಅಂಗೈ ಸವರಿ ಕಣ್ಣು ಮುಚ್ಚಿಕೊಂಡರು. ಎಂಜಿನ್ನಿನ ಬಗ್ಗೆ ಜಯಂತ ಅರ್ಧ ಗಂಟೆ ಹೇಳಿದ್ದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಸೀಟನ್ನು ಯಾರು ಮಾಡಿದ್ದು ಎಂದು ಕೇಳಿದರು. ಪ್ರೇಮಾವತಿ ಚಹಾದ ತಟ್ಟೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದಳು.

“ಕೊಯಮತ್ತೂರಿನಲ್ಲಿ ಒಬ್ಬರು ಹಳೇ ಕೈ ಉಂಟು ಸರ್,” ಎಂದ ಜಯಂತ. “ಎಲ್ಲರಿಗೂ ಮಾಡಿಕೊಡುವುದಿಲ್ಲ. ನನ್ನ ಪರಿಚಯದಲ್ಲಿ ಆಯ್ತು.”

ಆಳ್ವರು ತಲೆದೂಗಿ ಚಹಾ ತೆಗೆದುಕೊಂಡರು. ಸಕ್ಕರೆ ಬೇಡವಾಗಿತ್ತು ಎಂದರು. ಪ್ರೇಮಾವತಿಯ ಬೆರಳ ತುದಿಗಳಲ್ಲಿ ಗೋಣಿಸೂಜಿಯ ಗಾಯ ಇನ್ನೂ ಆರಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಕೇಳಿದಾಗ ಜಯಂತ ಹುರುಳಿ ಸಾರು ಕಲಸುತ್ತ ಸಮಾಧಾನವಾಗಿಯೇ ವಿವರಿಸಿದ. ಮನೆಯಲ್ಲೇ ಹೆಂಗಸು ಹೊಲಿದದ್ದು ಎಂದರೆ ಕಾರಿನ ಬೆಲೆ ಬೀಳುತ್ತದೆ, ಹೆಸರು ಕೆಡುತ್ತದೆ, ದೊಡ್ಡವರಿಗೆ ದೂರದ ಊರಿನ ಹೆಸರು ಹೇಳಿದರೆ ನಂಬಿಕೆ. ಹಿತ್ತಲ ಗಿಡ ಮದ್ದಲ್ಲ, ನಿನಗೆ ಗೊತ್ತಿಲ್ಲವಾ ಎಂದು ಗಾದೆಯನ್ನೂ ಅವನೇ ಹೇಳಿದ. ನಮಿತಾ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದಳು. ಪ್ರೇಮಾವತಿ ಇನ್ನೊಂದು ಸೌಟು ಸಾರು ಬಡಿಸಿದಳು. ಇವನ ಜೊತೆ ವಾದ ಮಾಡುವುದೆಂದರೆ ಅವನಿಗೆ ಒಂದು ಬೆಲೆ ಕೊಟ್ಟ ಹಾಗೆ ಎಂದು ಅವಳಿಗೆ ಆ ಹೊತ್ತಿನಲ್ಲಿ ತೋರಿತು.

ಜಯಂತ ಕೈತೊಳೆದು ಶೆಡ್ಡಿಗೆ ಹೋದ ಮೇಲೆ ಉಗ್ಗಪ್ಪ ಸೊಸೆಯನ್ನು ಹತ್ತಿರ ಕರೆದ. ಅವನ ಮುಖದಲ್ಲಿ ತಿಂಗಳಿನಿಂದ ಬಚ್ಚಿಟ್ಟುಕೊಂಡ ಖುಷಿ ಇತ್ತು.

“ಆ ಡೊಂಕು ಉಂಟಲ್ಲ, ಅದು ಫ್ಯಾಕ್ಟರಿಯದ್ದಲ್ಲ. ಧಣಿಗಳ ಕೋಳಿಯದ್ದು.”

ಪ್ರೇಮಾವತಿಗೆ ಅರ್ಥವಾಗಲಿಲ್ಲ. ಮುದುಕ ಎಲೆಯಡಿಕೆ ಉಗಿದು ಬಂದು ಹೇಳಿದ. ಧಣಿಗಳಿಗೆ ಕೋಳಿ ಅಂಕದ, ಹುಂಜ ಕಾದಿಸುವ ಆಟದ ಹುಚ್ಚು. ಒಂದು ಸಲ ಗೆದ್ದ ಹುಂಜವನ್ನು ಸಂಭ್ರಮದಲ್ಲಿ ಕಾಲಿಗೆ ಕಟ್ಟಿದ್ದ ಚೂರಿಯಂಥ ಬಾಳನ್ನು ಬಿಚ್ಚದೆಯೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಿದ್ದರು. ಗುಂಡಿಯಲ್ಲಿ ಕಾರು ಎಗರಿದ್ದೇ ಹುಂಜ ಹೆದರಿ ಹಾರಿ, ಬಾಳಿನಿಂದ ಸೀಟಿನ ಒರಗನ್ನು ಸೀಳಿಬಿಟ್ಟಿತು. ಧಣಿಗಳಿಗೆ ಊರಿಡೀ ಹೆದರುತ್ತಿತ್ತು, ಧಣಿಗಳು ಹೆಂಡತಿಗೆ ಹೆದರುತ್ತಿದ್ದರು. ಮನೆಗೆ ಹೋಗುವ ಮೊದಲೇ ಸರಿಮಾಡಿಸಬೇಕು ಎಂದು ಉಗ್ಗಪ್ಪ ಕಾರನ್ನು ಕಾಸರಗೋಡು ಪೇಟೆಗೆ ಹೊಡೆದು, ದಾರಿ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನಿಂದ ಹಿಂದೆ ತುಂಡು ಕೊಟ್ಟು ಹೊಲಿಸಿದ್ದ. ಅವಸರದಲ್ಲಿ ನೆರಿಗೆ ವಾಲಿತ್ತು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಪ್ರೇಮಾವತಿ ಸಿಟ್ಟಿನಿಂದ ಕೇಳಿದಳು. ಮೂರು ಸಲ ಬಿಚ್ಚಿ ಹೊಲಿದದ್ದು, ಮೆಷಿನ್ ಮುರಿದದ್ದು, ಇದೆಲ್ಲವನ್ನೂ ಈ ಮುದುಕ ಎಲೆಗೆ ಸುಣ್ಣ ಸವರುತ್ತ ನೋಡಿದ್ದ. ಬಾಯಿ ಮುಚ್ಚಿ ಕೂರಲು ಹೇಳಿದ್ದಾನಲ್ಲ ನಿನ್ನ ಗಂಡ, ಕೂತಿದ್ದೇನೆ ಎಂದ ಉಗ್ಗಪ್ಪ. ಅಪ್ಪನೂ ಮಗನೂ ಒಂದೇ ಎರಕದಲ್ಲಿ ಹೊಯ್ದವರು ಎಂದು ಅವಳಿಗೆ ಖಚಿತವಾಯಿತು. ಒಬ್ಬ ಕಬ್ಬಿಣವನ್ನು ಹಳತು ಮಾಡುತ್ತಾನೆ, ಇನ್ನೊಬ್ಬ ಹಗೆಯನ್ನು.

ಆದರೂ ಅವಳು ಹೋಗಿ ಹೇಳಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು, ಆ ನೆರಿಗೆಯ ವಿಷಯ ಒಮ್ಮೆ ಮಾವನ ಹತ್ತಿರ ಕೇಳಿ, ಅದು ಆಮೇಲೆ ಹೊಲಿಸಿದ್ದಂತೆ, ಬೇಕಾದರೆ ಈಗಲೂ ನೇರ ಮಾಡಿಕೊಡುತ್ತೇನೆ ಎಂದಳು. ಜಯಂತ ಬಂಪರಿಗೆ ಪಾಲಿಶು ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ. ಸ್ಟೇರಿಂಗ್ ಹಿಡಿದವರೆಲ್ಲ ಕಾರು ತಿಳಿದವರಾಗುವುದಿಲ್ಲ, ಸೂಜಿ ಹಿಡಿದವರೂ ಹಾಗೆಯೇ ಎಂದ. ಅಲ್ಲಿಗೆ ತನ್ನ ಋಣ ತೀರಿತು ಎಂದುಕೊಂಡು ಅವಳು ಮರಳಿದಳು.

ಪ್ರದರ್ಶನದ ಭಾನುವಾರ ಜಯಂತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನಲ್ಲಿ ಮಂಗಳೂರಿಗೆ ಹೊರಟ. ಅವನು ತಿರುವು ದಾಟಿದ್ದೇ ಪ್ರೇಮಾವತಿ ಮೆಷಿನಿನ ತಲೆಯನ್ನು ಮೇಜಿನಿಂದ ಬಿಚ್ಚಿ, ಹಳೆಯ ಚಾದರದಲ್ಲಿ ಸುತ್ತಿ, ಗೋಣಿಯಲ್ಲಿಟ್ಟಳು. ತಾಯಿ ಮಗಳು ಎರಡು ಬದಿ ಹಿಡಿದು ಬಸ್ಸು ಹತ್ತಿದರು. ಗೋಣಿಯಲ್ಲಿ ಎಂತ, ಆಡಿನ ಮರಿಯಾ ಎಂದು ಕಂಡಕ್ಟರ್ ಮಲಯಾಳದಲ್ಲಿ ಕೇಳಿದ. ನಮ್ಮ ಅಮ್ಮನ ಗಂಡ ಎಂದು ನಮಿತಾ ಹೇಳಿದಳು. ಪ್ರೇಮಾವತಿಗೆ ಎಷ್ಟೋ ದಿನದ ಮೇಲೆ ನಗು ಬಂತು.

ಮೆಷಿನ್ ರಿಪೇರಿಯ ಚೆನ್ನಯ್ಯ ರಜೆಯಾದರೂ ಮೊದಲೇ ಫೋನು ಮಾಡಿದ್ದಕ್ಕೆ ಕಾಸರಗೋಡಿನ ಅಂಗಡಿಯ ಶಟರು ಅರ್ಧ ಎತ್ತಿ ಕೂತಿದ್ದ. ತಗಡಿನ ಚೂರು ಹೊರಗೆ ಬಿದ್ದಾಗ ಯಾವ ದನ ಕಾಯುವವನು ಇದನ್ನು ತುರುಕಿದ್ದು ಎಂದು ಕೇಳಿದ. ಆ ಮೆಷಿನಿನದ್ದೇ ಶಟಲು ಅವನ ಡಬ್ಬದಲ್ಲಿತ್ತು. ಕೂರಿಸಿ, ಎಣ್ಣೆ ಬಿಟ್ಟು, ಒಂದು ಚಿಂದಿಯ ಮೇಲೆ ಓಡಿಸಿದ. ಹೊಲಿಗೆ ಸಾಸಿವೆ ಸಾಲಿಟ್ಟಂತೆ ಬಿತ್ತು. ಮಳಿಗೆಯ ಹೊರಗೆ ಬಂದು ಅವಳು ವಿಜೇತಾ ಟೀಚರಿಗೆ ಫೋನು ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟೀಚರ್, ಹುಡುಗರದ್ದಷ್ಟನ್ನು ಮೊನ್ನೆಯೇ ರೆಡಿಮೇಡ್ ಅಂಗಡಿಗೆ ಹೇಳಿಯಾಯಿತು, ಹುಡುಗಿಯರದ್ದು ಮಾತ್ರ ಉಂಟು, ಆಗುವುದಿದ್ದರೆ ಹೊಲಿ, ಮುಂದಿನ ವರ್ಷದ್ದು ಆಮೇಲೆ ನೋಡುವ ಎಂದರು. ಅರ್ಧ ಊರು ಕೈಬಿಟ್ಟಿತ್ತು. ಉಳಿದ ಅರ್ಧಕ್ಕೆ ಅವಳು ಆಗ್ತದೆ ಎಂದಳು.

ಸಂಜೆ ಜಯಂತ ಬಂದಾಗ ಅವಳು ಹೊಲಿಯುತ್ತಿದ್ದಳು. ಅವನು ಚಪ್ಪಲಿಯನ್ನು ಎರಡು ದಿಕ್ಕಿಗೆ ಒದ್ದು ಒಳಗೆ ಬಂದ. ತೀರ್ಪುಗಾರರು ಎಂಜಿನ್ ನೋಡಿ ತಲೆದೂಗಿದ್ದರು, ದೀಪ ನೋಡಿ ಹೊಗಳಿದ್ದರು. ಆಮೇಲೆ ಒಬ್ಬ ಬೋಳುತಲೆಯವನು ಸೀಟಿನ ಹತ್ತಿರ ಬಂದು, ಎಲ್ಲ ಇಷ್ಟು ಚಂದ ಉಂಟು, ಈ ನಾಲ್ಕನೇ ನೆರಿಗೆ ಯಾರೋ ಹರಿದದ್ದನ್ನು ತೇಪೆ ಹಾಕಿದ ಹಾಗೆ ಉಂಟಲ್ಲ ಎಂದನಂತೆ. ಸಾಲಾಗಿ ನಿಂತವರೆಲ್ಲ ಬಗ್ಗಿ ನೋಡಿದರಂತೆ. ಅಂಕ ಹೋಯಿತು. ಬಹುಮಾನ ಕೊಚ್ಚಿಯ ಯಾವುದೋ ಫಿಯೆಟ್ಟಿಗೆ.

“ನಿನ್ನಿಂದ ನನ್ನ ಮಾನ ಹೋಯ್ತು,” ಎಂದ. “ಒಂದು ಗೆರೆ ನೆಟ್ಟಗೆ ಹೊಲಿಯಲಿಕ್ಕೆ ಆಗಲಿಲ್ಲ ನಿನಗೆ.”

ನಮಿತಾ ಬಾಯಿ ತೆರೆದಳು. ಪ್ರೇಮಾವತಿ ಕೈಸನ್ನೆಯಲ್ಲೇ ತಡೆದು, ಮೆಷಿನಿನ ಕಡೆ ತಿರುಗಿ ಪೆಡಲು ಒತ್ತಿದಳು. ಹೊಗಳಿಕೆ ಕೊಯಮತ್ತೂರಿಗೆ, ಬೈಗುಳ ಬೋವಿಕಾನಕ್ಕೆ. ಇಂಥವನ ಜೊತೆ ಇಷ್ಟು ವರ್ಷ ಒಂದೇ ಮಾಡಿನಡಿ ಉಂಡು ಮಲಗಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೂ ತಾತ್ಸಾರ ಹುಟ್ಟಿತು.

ಆಳ್ವರು ಬಂದದ್ದು ಮರುವಾರ. ಶೆಡ್ಡಿಗೆ ಹೋಗದೆ ನೇರ ಚಾವಡಿ ಹತ್ತಿದರು. ಮುಖ ಬಿಗಿದಿತ್ತು. ಕೊಯಮತ್ತೂರಿನವನ ಫೋನು ನಂಬರು ಕೊಡಿ, ನಾನೇ ಮಾತಾಡುತ್ತೇನೆ ಎಂದರು. ನಂಬರು ಕೊಡಲು ಆಸಾಮಿಯೇ ಇರಲಿಲ್ಲ. ಜಯಂತನಿಗೆ ತನ್ನ ತಲೆ ಉಳಿಸಿಕೊಳ್ಳಲು ಹತ್ತಿರದಲ್ಲಿ ಸಿಕ್ಕಿದ್ದು ಹೆಂಡತಿ.

“ಕೊಯಮತ್ತೂರು ಅಲ್ಲ ಸರ್. ಹೊಲಿದದ್ದು ಇವಳು. ನಾನು ಬೇಡ ಬೇಡ ಅಂದರೂ ಆಸೆಪಟ್ಟು ಹೊಲಿದಳು. ಕುಣಿಯಲು ಬಾರದವಳಿಗೆ ನೆಲ ಡೊಂಕು, ಎಂತ ಮಾಡುವುದು.”

ಆಳ್ವರು ಮೊದಲ ಸಲ ಪ್ರೇಮಾವತಿಯ ಕಡೆ ತಿರುಗಿ ನೋಡಿದರು. ಕಿಟಕಿಯ ಬಳಿ ಹೊಲಿದಿಟ್ಟ ನೀಲಿ ಲಂಗಗಳ ರಾಶಿಯನ್ನೂ ನೋಡಿದರು.

“ಹೌದು, ನಾನೇ ಹೊಲಿದದ್ದು,” ಎಂದಳು ಪ್ರೇಮಾವತಿ. “ನೆಟ್ಟಗೂ ಹೊಲಿದಿದ್ದೆ. ಬಿಚ್ಚಿಸಿ ಡೊಂಕು ಮಾಡಿಸಿದ್ದು ಇವರು.”

ಅಷ್ಟರಲ್ಲಿ ಮೂಲೆಯಿಂದ ಉಗ್ಗಪ್ಪ 'ಸಣ್ಣ ಧಣಿ' ಎಂದು ಕರೆದ. ಆಳ್ವರನ್ನು ಹಾಗೆ ಯಾರೂ ಕರೆದವರಿಲ್ಲ. ಮುದುಕ ಎದ್ದು ನಿಂತು, ನಿಮ್ಮ ಅಜ್ಜನ ಕಾರು ಬಿಟ್ಟವನು ನಾನು ಎಂದು ಶುರುಮಾಡಿ, ಹುಂಜ, ಬಾಳು, ಗುಂಡಿ, ಧಣಿಗಳ ಹೆಂಡತಿ, ಚಪ್ಪಲಿ ಹೊಲಿಯುವವ, ಎಲ್ಲವನ್ನೂ ಬಿಡದೆ ಹೇಳಿದ. ಜಯಂತ ಕಂಬಕ್ಕೆ ಆತು ನಿಂತಿದ್ದ. ಡ್ರೈವರನ ಮಗ ಎಂಬುದು ಕೊನೆಗೂ ಹೊರಬಿದ್ದಿತ್ತು.

ಆಳ್ವರ ಮುಖ ಬಿಚ್ಚಿಕೊಳ್ಳುತ್ತ ಹೋಯಿತು. ಆಮೇಲೆ ನಗು ತಡೆಯಲಾಗದೆ ಚಾವಡಿಯ ಕಟ್ಟೆಯಲ್ಲೇ ಕೂತುಬಿಟ್ಟರು. ಅಜ್ಜನ ಕೋಳಿ, ಅಜ್ಜನ ಕೋಳಿ ಎಂದು ಎರಡು ಮೂರು ಸಲ ಹೇಳಿಕೊಂಡರು. ಬಹುಮಾನ ಹೋದದ್ದು ಮರೆತೇ ಹೋಯಿತು. ಆ ನೆರಿಗೆ ಹಾಗೇ ಇರಲಿ, ಯಾರೂ ಮುಟ್ಟುವುದು ಬೇಡ ಎಂದರು. ದುಡ್ಡಿದ್ದವರ ಮನೆಯ ಕೋಳಿ ಕೆರೆದದ್ದೂ ಚರಿತ್ರೆಯಾಗುತ್ತದೆ ಎಂದು ಪ್ರೇಮಾವತಿ ಮನಸ್ಸಿನಲ್ಲೇ ಅಂದುಕೊಂಡಳು.

“ಅದಕ್ಕೇ ಸರ್ ನಾನು ಒರಿಜಿನಲ್ ಹಾಗೇ ಉಳಿಸಿದ್ದು,” ಎಂದ ಜಯಂತ.

ಜಟ್ಟಿ ಕೆಳಗೆ ಬಿದ್ದರೂ ಮೀಸೆಗೆ ಮಣ್ಣಾಗಲಿಲ್ಲ. ನಮಿತಾ ನಾಚಿಕೆಯಿಂದ ಒಳಗೆ ಹೋದಳು. ಆಳ್ವರು ಎದ್ದು ಕಿಟಕಿಯ ಬಳಿ ಹೋಗಿ ಪ್ರೇಮಾವತಿಯ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದರು. ತಮ್ಮ ಗೆಳೆಯರೊಬ್ಬರ ಹಳೆಯ ಮೋರಿಸ್ ಕಾರು ಉಂಟು, ಕುಂಬಳೆಯಲ್ಲಿ, ಅದರ ಸೀಟುಗಳನ್ನು ಹೊಲಿದುಕೊಡಬಹುದಾ ಎಂದು. ಶಾಲೆ ಶುರುವಾಗುವ ತನಕ ಆಗುವುದಿಲ್ಲ, ಆಮೇಲೆ ಆಗಬಹುದು ಎಂದಳು. ದಪ್ಪ ಹೊಲಿಯುವ ಮೆಷಿನ್ ಅವರೇ ಒದಗಿಸಬೇಕು, ಅಳತೆಗೆ ತಾನೇ ಅಲ್ಲಿಗೆ ಹೋಗುವುದು, ಮಾತು ತನ್ನ ಹತ್ತಿರವೇ ಆಗಬೇಕು ಎಂದೂ ಹೇಳಿದಳು. ಆಳ್ವರು ಅವಳ ನಂಬರನ್ನು ತಮ್ಮ ಫೋನಿನಲ್ಲಿ ಬರೆದುಕೊಂಡರು. ಹೆಸರು ಎಂತ ಎಂದು ಕೇಳಿ, ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ಊಟಕ್ಕೆ ಜಯಂತ ಎಲ್ಲರಿಗಿಂತ ಮೊದಲೇ ಬಂದು ಕೂತ. ಉಗ್ಗಪ್ಪ ಉಪ್ಪಿನಕಾಯಿಯ ಭರಣಿಯನ್ನು ತಾನೇ ಎಟುಕಿಸಿಕೊಂಡ. ಪ್ರೇಮಾವತಿ ಗಂಜಿ ಬಡಿಸಿದಳು, ಬಸಳೆ ಹಾಕಿದಳು, ಒಣಮೀನಿನ ಚಟ್ನಿ ಇಟ್ಟಳು. ಜಯಂತ ಎರಡು ತುತ್ತು ಉಂಡು, ತಟ್ಟೆ ನೋಡುತ್ತಲೇ ಕೇಳಿದ.

“ಅಷ್ಟು ಹೊತ್ತು ಮಾತಾಡಿದರಲ್ಲ. ನನ್ನ ಬಗ್ಗೆ ಎಂತ ಹೇಳಿದರು?”

“ಎಂತ ಇಲ್ಲ,” ಎಂದಳು ಪ್ರೇಮಾವತಿ. “ನಿಮ್ಮ ಮಾತೇ ಬರಲಿಲ್ಲ.”

ಅವಳು ತನ್ನ ತಟ್ಟೆಗೂ ಗಂಜಿ ಹಾಕಿಕೊಂಡು ಕೂತಳು. ಹುಡುಗಿಯರ ಲಂಗ ಇನ್ನೂ ತುಂಬ ಬಾಕಿ ಇತ್ತು.